ಎತ್ತಿಟ್ಟ ಕತ್ತಿ

ಮಾರ್ಚ್ ೬

ಅಮ್ಮಾ,

ಫೋನಿನಲ್ಲಿ ಹೇಳಲಾಗದ್ದಕ್ಕೆ ಕಾಗದ ಬರೆಯುತ್ತಿದ್ದೇನೆ. ನಿನಗೆ ಕಿವಿ ಮಂದವಾದಾಗಿನಿಂದ ಅಪ್ಪ ಸ್ಪೀಕರ್ ಹಾಕಿ ಫೋನನ್ನು ಅಂಗಡಿಯ ಕನ್ನಡಿಯ ಮುಂದೆ ಇಡುತ್ತಾರೆ. ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕೂತ ಗಿರಾಕಿಗಳೆಲ್ಲ ನನ್ನ ಹೊಲಿಗೆಯ ಸುದ್ದಿ ಕೇಳುತ್ತಾರೆ. ಮೊನ್ನೆ ಯಾರೋ "ಬಿಸಿನೀರು ಕುಡೀಲಿ" ಎಂದು ಸಲಹೆಯನ್ನೂ ಕೊಟ್ಟರು.

ಮನೆಗೆ ಬಂದಿದ್ದೇನೆ. ಹೆರಿಗೆ ಆಪರೇಷನ್ನಿನ ಹೊಲಿಗೆ ಬಿಚ್ಚಿದ ಕಡೆ ಗಾಯವನ್ನು ಇನ್ನೂ ತೆರೆದೇ ಇಟ್ಟಿದ್ದಾರೆ. ಅದು ತಳದಿಂದ ತುಂಬಿಕೊಂಡು ಬರಬೇಕಂತೆ, ಮೇಲಿನಿಂದ ಮುಚ್ಚಿಬಿಟ್ಟರೆ ಕೀವು ಒಳಗೇ ಉಳಿಯುತ್ತದಂತೆ. ದಿನಾ ಒಬ್ಬ ಸಿಸ್ಟರ್ ಬಂದು ಹಳೆಯ ಬಟ್ಟೆ ತೆಗೆದು, ತೊಳೆದು, ಹೊಸದನ್ನು ತುಂಬಿಸಿ ಹೋಗುತ್ತಾರೆ. ತೆಗೆಯುವಾಗ ದಿಂಬು ಕಚ್ಚಿಕೊಳ್ಳುತ್ತೇನೆ. ವಾಸನೆ ಹೋಗಿದೆ ಎನ್ನುತ್ತಾರೆ ಎಲ್ಲರೂ. ನನ್ನ ಮೂಗಿನಿಂದ ಮಾತ್ರ ಹೋಗಿಲ್ಲ. ಪಾಪುವನ್ನು ಎದೆಗೆ ಹಾಕಿಕೊಂಡಾಗ, ತಾಯಿ ಎಂದರೆ ಇದೇ ವಾಸನೆ ಎಂದು ಅವಳು ಕಲಿತುಬಿಟ್ಟರೆ ಏನು ಗತಿ ಎಂದು ದಿಗಿಲಾಗುತ್ತದೆ. ನಿದ್ದೆಗೆಟ್ಟ ತಲೆ, ಏನೇನೋ ಯೋಚಿಸುತ್ತದೆ. ಪಾಪು ಗುಂಡುಗುಂಡಾಗಿದ್ದಾಳೆ. ಅಳುವಾಗ ಥೇಟ್ ಅಪ್ಪನ ಹಾಗೆ ಒಂದು ಹುಬ್ಬು ಮೇಲೇರುತ್ತದೆ.

ಆಸ್ಪತ್ರೆಯಲ್ಲಿ ಆ ದಿನದ್ದು ಕಣ್ಣಿಗೆ ಕಟ್ಟಿದಂತಿದೆ. ಡಾಕ್ಟರಮ್ಮ ಬ್ಯಾಂಡೇಜ್ ಬಿಚ್ಚಿದರು. ಗಾಯದ ಅಕ್ಕಪಕ್ಕ ಕೆಂಪು ಗುಳ್ಳೆ ಎದ್ದಿದ್ದವು. "ಕೂದಲು ತೆಗೆಯೋಕೆ ಅಂತ ಇಲ್ಲಿ ಬ್ಲೇಡ್ ಆಡ್ಸಿದ್ದು ಯಾರು?" ಎಂದರು. ಮಂಚದ ಆ ಕಡೆ ಅತ್ತೆ, ಈ ಕಡೆ ನಿನ್ನ ಅಳಿಯ, ಕಾಲಿನ ಹತ್ತಿರ ನೀನು. ನೀನು ಶಾಲೆಯ ಹುಡುಗಿಯ ಹಾಗೆ ಕೈ ಎತ್ತಿ, "ನಾನೇ ಡಾಕ್ಟರಮ್ಮಾ. ಹೊಸ ಬ್ಲೇಡೇ ಹಾಕಿದ್ದೆ" ಎಂದೆ.

"ಊರವರ ಗಡ್ಡ ಹೆರೆಯೋ ಕತ್ತೀನ ನನ್ನ ಸೊಸೆ ಹೊಟ್ಟೆ ಮೇಲೆ ಆಡ್ಸಿದ್ರಾ!" ಎಂದರು ಅತ್ತೆ.

ನಾನು ಗೋಡೆಯ ಕಡೆ ತಿರುಗಿಕೊಂಡೆ. ನೋವಿಗೆ ಎಂದುಕೊಂಡರು. ಆ ಸಂಜೆಯ ಬಸ್ಸಿಗೇ ನೀನು ಹೊರಟೆ. ಬ್ಯಾಗಿನ ಜಿಪ್ ಎಳೆಯುವ ಸದ್ದು ಕೇಳಿಸಿತು. ಆಗಲೂ ನಾನು ತಿರುಗಲಿಲ್ಲ.

ಇನ್ನೂ ಬರೆಯಬೇಕಿತ್ತು. ಪಾಪು ಎದ್ದಳು.

ನಿನ್ನ
ಕುಳ್ಳಿ


ಮಾರ್ಚ್ ೧೫

ಕುಳ್ಳೀ,

ಕಾಗದ ಬಂತು. ಕನ್ನಡಕ ಹಾಕ್ಕೊಂಡು ಒಂದ್ಸಲ, ಕಣ್ಣೊರೆಸಿಕೊಂಡು ಒಂದ್ಸಲ ಓದಿದೆ. ಗಾಯ ತುಂಬ್ತಾ ಇದೆ ಅನ್ನೋದೊಂದೇ ನನಗೆ ಬೇಕಾದ ಸುದ್ದಿ. ಸಿಸ್ಟರ್ ಹೇಳಿದ ಹಾಗೆ ಕೇಳು. ನಿನ್ನ ತಲೆ ನೀನು ಓಡಿಸಬೇಡ. ಮಗುವನ್ನ ಎತ್ತಿಕೊಳ್ಳೋಕೆ ಬಂದವರು ಯಾರೇ ಆಗಲಿ, ಮೊದಲು ಸೋಪು ಹಾಕಿ ಕೈ ತೊಳೀಲಿ. ದೊಡ್ಡವರಿಗೆ ಹೇಳೋದು ಹೇಗೆ ಅಂತ ಸಂಕೋಚ ಪಡಬೇಡ. ಸಂಕೋಚ ಪಟ್ಟು ಯಾರೂ ಉದ್ಧಾರ ಆಗಿಲ್ಲ.

ನಿಮ್ಮಪ್ಪನ ಕೈ ನಡುಕ ಹಾಗೇ ಇದೆ. ಅಂಗಡಿಯ ಬೆಂಚಿನ ಮೇಲೆ ಪೇಪರ್ ಹಿಡ್ಕೊಂಡು ಕೂತು ಲೋಕ ಆಳ್ತಾರೆ. ಪೇಪರ್ ನಡುಗೋ ಸದ್ದಿಗೆ ಗಿರಾಕಿಗಳು ಫ್ಯಾನ್ ಅಂದ್ಕೋತಾರೆ.

ನಾನು ಈಗ ಕತ್ತರಿ ಕೆಲಸ ಮಾತ್ರ ಮಾಡ್ತಿದ್ದೀನಿ. ಕತ್ತಿ ಒರೆಸಿ ಪೆಟ್ಟಿಗೆಯಲ್ಲಿ ಎತ್ತಿಟ್ಟೆ. ಗಡ್ಡಕ್ಕೆ ಬಂದವರನ್ನ ಮುಂದಿನ ಬೀದಿಯ ಅಂಗಡಿಗೆ ಕಳಿಸ್ತೀನಿ. ಪಿಂಚಣಿ ಮೇಷ್ಟ್ರು ಬಿಡಲಿಲ್ಲ. "ಏನಮ್ಮಾ, ನನ್ನ ಗಡ್ಡ ಏನು ಪಾಪ ಮಾಡ್ತು?" ಅಂದ್ರು. "ನಿಮ್ಮ ಗಡ್ಡ ಏನೂ ಮಾಡಿಲ್ಲ ಮೇಷ್ಟ್ರೇ, ನನ್ನ ಕೈ ಮಾಡ್ತು" ಅಂದೆ. ಅವರಿಗೆ ಅರ್ಥ ಆಗಲಿಲ್ಲ. ಗಡ್ಡ ಕೆರ್ಕೊಂಡು ಹೋದ್ರು.

ನಿಮ್ಮಪ್ಪನ ಕೈಯಿಂದ ನಾನು ಕತ್ತಿ ಇಸ್ಕೊಂಡಾಗ, ಹೆಂಗಸಿನ ಕೈಗೆ ಕುತ್ತಿಗೆ ಕೊಡೋಕೆ ಹೆದರಿದವರೇ ಎಲ್ಲ. "ಮನೇಲಿ ಜಗಳ ಆಡ್ಕೊಂಡು ಬಂದಿಲ್ಲ ತಾನೇ?" ಅಂತ ಕೇಳಿ ಕೂರೋರು. ಅಂಥವರಲ್ಲಿ ಒಬ್ಬರ ಕುತ್ತಿಗೆಗೂ ನಾನು ಗೀರು ಬಿಟ್ಟವಳಲ್ಲ. ಕಂಡವರ ಕುತ್ತಿಗೆಗೆ ಬಿಡದ ಗೀರನ್ನ ಹೆತ್ತ ಮಗಳ ಹೊಟ್ಟೆಗೆ ಬಿಟ್ಟೆನಲ್ಲ. ಕತ್ತಿ ನೀರಲ್ಲಿ ಕುದಿಸಿದ್ದೆ, ಕೈ ತೊಳೆದಿದ್ದೆ, ದೀಪದ ಬೆಳಕಲ್ಲಿ ನೋಡ್ಕೊಂಡು ನೋಡ್ಕೊಂಡು ಮಾಡಿದ್ದೆ. ಎಲ್ಲಿ ತಪ್ಪಿದೆ ಅಂತ ದಿನಾ ಕೈ ನೋಡ್ಕೋತೀನಿ. ವಯಸ್ಸಾಯ್ತು ಅಂತ ಕೈ ಹೇಳಲ್ಲ ನೋಡು, ಮಾಡಿ ತೋರಿಸಿಬಿಡುತ್ತೆ.

ಕ್ಷಮಿಸು ಅಂತ ಬರೆಯೋಕೂ ನಾಚಿಕೆ ಆಗುತ್ತೆ.

ಮಗುವಿನ ಕೆನ್ನೆಗೆ ನಿನ್ನ ಕೈಯಿಂದಲೇ ನನ್ನ ಮುತ್ತು.

ಅಮ್ಮ


ಮಾರ್ಚ್ ೧೯

ಅಮ್ಮಾ,

ಕತ್ತಿ ಎತ್ತಿಡಬೇಡ. ನಿನ್ನ ಕೈ ಎಲ್ಲಿಯೂ ತಪ್ಪಿಲ್ಲ. ಇದನ್ನು ಒಂದೇ ಉಸಿರಿಗೆ ಬರೆಯುತ್ತೇನೆ, ನಡುವೆ ನಿಲ್ಲಿಸಿದರೆ ಮತ್ತೆ ಪಾಪು ಎದ್ದಳು ಎಂದು ನೆಪ ಹೇಳಿ ಮುಗಿಸಿಬಿಡುತ್ತೇನೆ. ಆ ದಿನ ಪಾಪು ಎದ್ದಿರಲಿಲ್ಲ.

ಆಪರೇಷನ್ನಿನ ಹಿಂದಿನ ದಿನ ಬಚ್ಚಲಿನಲ್ಲಿ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ ನೀನು ಕೇಳಿದೆ: "ಆಸ್ಪತ್ರೆಯವರು ಹೇಳಿದ್ದಾರಾ?" ನಾನು "ಹೂಂ, ಮನೇಲೇ ಮಾಡ್ಕೊಂಡು ಬರ್ಬೇಕಂತೆ" ಎಂದೆ.

ಅವರು ಹೇಳಿರಲಿಲ್ಲ. ಮಾಡಬೇಡಿ ಎಂದೇ ಹೇಳಿದ್ದರು. ಸೋಂಕು ತಡೆಯುವುದೇ ಕೆಲಸವಾಗಿರುವ ಒಬ್ಬ ಸಿಸ್ಟರ್ ಅಲ್ಲಿದ್ದಾರೆ. ಗರ್ಭಿಣಿಯರನ್ನೆಲ್ಲ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಸೋಪು ಹಚ್ಚಿ ಚೆನ್ನಾಗಿ ಸ್ನಾನ ಮಾಡಿ ಬನ್ನಿ, ಹೊಟ್ಟೆಯ ಕೆಳಗೆ ಬ್ಲೇಡ್ ಮಾತ್ರ ತಾಗಿಸಬೇಡಿ, ಕೂದಲು ಅಡ್ಡ ಬಂದರೆ ಆಪರೇಷನ್ನಿಗೆ ಸ್ವಲ್ಪ ಮೊದಲು ನಾವೇ ಮೆಷಿನ್ನಿನಲ್ಲಿ ಕತ್ತರಿಸುತ್ತೇವೆ. ಬ್ಲೇಡ್ ಎಷ್ಟೇ ಹೊಸದಾಗಿರಲಿ, ಕೈ ಎಷ್ಟೇ ಪಳಗಿರಲಿ, ಕಣ್ಣಿಗೆ ಕಾಣದ ಗೀರುಗಳನ್ನು ಬಿಡುತ್ತದೆ, ಒಂದು ರಾತ್ರಿ ಕಳೆಯುವುದರಲ್ಲಿ ಅವುಗಳೊಳಗೆ ರೋಗಾಣುಗಳು ಸಂಸಾರ ಹೂಡುತ್ತವೆ ಎಂದಿದ್ದರು. ಅವರ ಮಾತಿಗೆ ಎಲ್ಲರೂ ನಕ್ಕಿದ್ದೆವು. ನಾನು ಮುಂದಿನ ಸಾಲಿನಲ್ಲೇ ಕೂತಿದ್ದೆ. ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದವಳು ಎಂದು ತಲೆ ಬೇರೆ ಆಡಿಸಿದ್ದೆ.

ಆದರೆ ಟ್ಯೂಬ್‌ಲೈಟಿನ ಕೆಳಗೆ ಕಾಲು ಅಗಲಿಸಿ ಮಲಗಿ ಮುಖ ಪರಿಚಯವಿಲ್ಲದವರ ಕೈಗೆ ನನ್ನನ್ನು ಒಪ್ಪಿಸುವುದು ನೆನೆದರೆ ಮೈ ಹಿಡಿಯಾಗುತ್ತಿತ್ತು. ಹೊಟ್ಟೆಯ ಆಚೆಗೆ ನನಗೇ ನಾನು ಕಾಣದೆ ತಿಂಗಳಾಗಿತ್ತು. ನೀನಿದ್ದೆ, ನಿನ್ನ ಬ್ಯಾಗಿನಲ್ಲಿ ಕತ್ತಿ ಇತ್ತು. ನಿಜ ಹೇಳಿದರೆ ನೀನು ಕತ್ತಿ ಮುಟ್ಟುತ್ತಿರಲಿಲ್ಲ ಎಂದು ಗೊತ್ತಿದ್ದೇ ಸುಳ್ಳು ಹೇಳಿದೆ. ಮಾರನೆಯ ಬೆಳಿಗ್ಗೆ ಆಸ್ಪತ್ರೆಯಲ್ಲಿ ಸಿಸ್ಟರ್ ನೋಡಿ ಕೇಳಿದಾಗ, "ತುಂಬಾ ದಿನದ ಹಿಂದೆ ಮಾಡಿಕೊಂಡಿದ್ದು" ಎಂದು ಇನ್ನೊಂದು ಸುಳ್ಳು.

ಗಾಯ ಕೀವು ಕಟ್ಟಿದ್ದು ಅದರಿಂದಲೇ ಎಂದು ಡಾಕ್ಟರಮ್ಮ ಖಂಡಿತವಾಗಿ ಹೇಳಲಿಲ್ಲ, ಕಾರಣಗಳು ಹತ್ತು ಇರಬಹುದು ಎಂದರು. ಆದರೆ ಅವರು "ಯಾರು" ಎಂದು ಕೇಳಿದಾಗ ಬಾಯಿ ಬಿಡಬೇಕಾಗಿದ್ದವಳು ನಾನು. ಎತ್ತಬೇಕಾದ ಕೈ ನನ್ನದಾಗಿತ್ತು.

ನಮ್ಮ ಅಂಗಡಿಯ ವಿಷಯವೂ ಇದೆ. ಕಾಲೇಜಿನಲ್ಲಿ "ಅಪ್ಪನದು ಸ್ವಂತ ವ್ಯಾಪಾರ" ಎಂದಷ್ಟೇ ಹೇಳುತ್ತಿದ್ದೆ. ನಿನಗದು ಗೊತ್ತಿತ್ತೋ ಇಲ್ಲವೋ. ಅವತ್ತು ಅತ್ತೆ ಗಡ್ಡದ ಕತ್ತಿ ಎಂದಾಗ ನನಗೆ ನಿನಗಾಗಿ ಸಂಕಟವಾಗಲಿಲ್ಲಮ್ಮ. ನನಗಾಗಿ ಆಯಿತು. ಇದನ್ನು ಬರೆದು ಈ ಪೆನ್ನನ್ನೂ ತೊಳೆಯಬೇಕೆನಿಸುತ್ತಿದೆ.

ಬೈದು ಬರೆ.

ಕುಳ್ಳಿ


ಏಪ್ರಿಲ್ ೨

ಮಗಳೇ,

ಅಕ್ಷರ ನೋಡಿ ಗಾಬರಿ ಆಗ್ಬೇಡ. ಭೂಕಂಪ ಏನೂ ಆಗಿಲ್ಲ, ನನ್ನ ಕೈ.

ನೀನು ಏನು ಬರೆದಿದ್ದೀಯೋ ನನಗೆ ಗೊತ್ತಿಲ್ಲ. ಆ ಕಾಗದ ಓದಿದಾಗಿನಿಂದ ನಿಮ್ಮಮ್ಮ ಬಾಯಿಗೆ ಬೀಗ ಹಾಕಿದ್ದಾಳೆ. "ಏನಂತೆ?" ಅಂದೆ. "ಗಾಯ ವಾಸಿ ಆಗ್ತಿದೆಯಂತೆ" ಅಂದಳು. ವಾಸಿ ಆಗ್ತಿದ್ದರೆ ಮುಖ ಯಾಕೆ ಹಾಗೆ ಅಂತ ಕೇಳೋಕೆ ನನಗೆ ಧೈರ್ಯ ಬರಲಿಲ್ಲ, ಅವಳ ಕೈಯಲ್ಲಿ ಕತ್ತರಿ ಇತ್ತು. ಮೊನ್ನೆ ಒಬ್ಬನ ಕ್ರಾಪು ಎಷ್ಟು ಗಿಡ್ಡ ಮಾಡಿದಳು ಅಂದರೆ, ಪಾಪ, ಅವನು ಕನ್ನಡಿ ನೋಡಿ ನಮಸ್ಕಾರ ಮಾಡಿ ಎದ್ದು ಹೋದ.

ಗಡ್ಡದವರು ಒಬ್ಬೊಬ್ಬರಾಗಿ ದಾರಿ ಮರೀತಿದ್ದಾರೆ. ಅದಕ್ಕಲ್ಲ ನಾನು ಬರೀತಿರೋದು. ಕತ್ತಿ ಇಟ್ಟ ಪೆಟ್ಟಿಗೆ ತೆಗೆದು ನೋಡ್ತಾಳೆ, ಮುಟ್ಟಲ್ಲ, ಮುಚ್ಚಿಡ್ತಾಳೆ. ನಿನ್ನಿಂದ ಏನಾದ್ರೂ ಆಗೋ ಹಾಗಿದ್ದರೆ ಮಾಡು ಮಗಳೇ. ನನ್ನ ಕೈಯಲ್ಲಂತೂ ಇಷ್ಟು ಬರೆಯೋದೇ ಆಗೋದು.

ಅಪ್ಪ


ಏಪ್ರಿಲ್ ೧೧

ಅಮ್ಮಾ,

ನೀನು ಅಪ್ಪನಿಗೂ ಹೇಳಿಲ್ಲ. ಗಂಡನ ಮುಂದೆಯೂ ನನ್ನ ಮಾನ ಕಾಯುತ್ತಿದ್ದೀಯ. ಒಂದು ಸಾಲು ಬೈದು ಬರೆದಿದ್ದರೂ ಇದಕ್ಕಿಂತ ಹಗುರವಾಗಿರುತ್ತಿತ್ತು.

ನನ್ನ ನಾದಿನಿಗೆ ಈಗ ತುಂಬು ತಿಂಗಳು. ಬಾಣಂತನಕ್ಕೆ ಇಲ್ಲಿಗೇ ಬಂದಿದ್ದಾಳೆ. ಅದೇ ಆಸ್ಪತ್ರೆಗೆ ತೋರಿಸುತ್ತಿದ್ದಾಳೆ. ನಿನ್ನೆ ಅದೇ ಸಿಸ್ಟರಿನ ಕ್ಲಾಸಿಗೆ ಹೋಗಿ ಬಂದಳು. ಊಟಕ್ಕೆ ಕೂತಾಗ ನಗುನಗುತ್ತಾ ಶುರು ಮಾಡಿದಳು: "ಅತ್ತಿಗೇ, ನಿಮ್ಮದೇ ಕತೆ! ಒಬ್ಬ ಅಜ್ಜಿ ಇದ್ರಂತೆ, ಕಟಿಂಗ್ ಶಾಪಿನವರಂತೆ, ಮಗಳಿಗೆ ಅಂಗಡಿ ಕತ್ತೀಲೇ ಶೇವ್ ಮಾಡಿ ಕಳಿಸಿದ್ರಂತೆ. ಎಲ್ಲರೂ ಅಯ್ಯೋ ಅಯ್ಯೋ ಅಂದ್ರು. ಹೆಸರು ಹೇಳಲಿಲ್ಲ ಬಿಡಿ."

ಅತ್ತೆ ಮಾತ್ರ ನಗಲಿಲ್ಲ. "ಓದಿಲ್ಲದವರು ಪಾಪ, ಅವರಿಗೇನು ತಿಳಿಯುತ್ತೆ? ಒಳ್ಳೇದಾಗ್ಲಿ ಅಂತಲೇ ಮಾಡಿರ್ತಾರೆ. ಇನ್ನು ಆ ಮಾತು ಬಿಡಿ" ಎಂದರು. ನಿನ್ನ ಮೇಲೆ ಕರುಣೆ ತೋರಿಸಿದರಮ್ಮ. ಅವರು ರೇಗಿದಾಗ ಇಷ್ಟು ಕಷ್ಟವಾಗಿರಲಿಲ್ಲ.

ನಾನು ಏನು ಮಾಡಿದೆ ಗೊತ್ತಾ? ಎದ್ದು ನಾದಿನಿಗೆ ಇನ್ನೊಂದು ಸೌಟು ಸಾರು ಬಡಿಸಿದೆ.

ವಾರವಾರವೂ ಆ ಕೋಣೆಯಲ್ಲಿ ಹೊಸ ಹೆಂಗಸರು ಬಂದು ಕೂರುತ್ತಾರೆ, ವಾರವಾರವೂ ಆ ಕತೆಯಲ್ಲಿ ನೀನು ತಪ್ಪು ಮಾಡುತ್ತೀಯ. ಗಾಯ ಈಗ ಮುಚ್ಚುತ್ತಾ ಬಂದಿದೆ. ಚೆನ್ನಾಗಿ ಆರುತ್ತಿದೆ ಎಂದು ಸಿಸ್ಟರ್ ಹೊಗಳಿದರು. ನನಗೆ ಹೊಗಳಿಕೆ!

ನಿನ್ನನ್ನು ಕ್ಷಮಿಸಿದ್ದೇನೆ ಎಂದು ಒಂದು ಮಾತು ಬರೆದುಬಿಡಮ್ಮ. ಕಣ್ಣು ಮುಚ್ಚಿದರೂ ನಿದ್ದೆ ಹತ್ತುತ್ತಿಲ್ಲ.

ಕುಳ್ಳಿ


ಏಪ್ರಿಲ್ ೨೦

ಮಗಳಿಗೆ,

ಬೈ ಅಂದೆ. ಬೈತೀನಿ.

ನೀನು ನನಗೆ ಯಾಕೆ ಬರೆದೆ? ಆ ದಿನ ಆಸ್ಪತ್ರೆ ಕೋಣೆಯಲ್ಲಿ ಕೇಳಿಸಿಕೊಂಡವರು ಬೇರೆ. ನಿಮ್ಮತ್ತೆ ಕೇಳಿಸ್ಕೊಂಡ್ರು, ನಿನ್ನ ಗಂಡ ಕೇಳಿಸ್ಕೊಂಡ. ಅವತ್ತಿನಿಂದ ಅವನು ನನ್ನ ಫೋನ್ ಎತ್ತಿಲ್ಲ. ಅವರಿಗೆ ಹೇಳೋಕೆ ನಾಲಿಗೆ ಏಳಲ್ಲ, ನನಗೆ ಮಾತ್ರ ಕವರಿನಲ್ಲಿ ಅಂಟಿಸಿ ಕಳಿಸ್ತೀಯ. ನಾನು ಕ್ಷಮಿಸಿದೆ ಅಂತ ಬರೆದರೆ ನಿನಗೆ ನಿದ್ದೆ ಬರುತ್ತೆ. ಆ ಸಿಸ್ಟರ್ ಮುಂದಿನ ವಾರವೂ ಅದೇ ಕತೆ ಹೇಳ್ತಾರೆ. ಊಟದ ಮುಂದೆ ಕೂತು ಸಾರು ಬಡಿಸಿದೆಯಂತೆ! ಬಿಸಿ ಇತ್ತಾ ಸಾರು?

ನಿಮ್ಮಪ್ಪನಿಗೆ ಹೇಳದೇ ಇದ್ದದ್ದು ನಿನ್ನ ಮಾನ ಕಾಯೋಕಲ್ಲ. ಹೇಳಿದರೆ ಅವರು ಕೂತಲ್ಲೇ ಕುಸೀತಾರೆ. ನೀನು ಕಾಲೇಜಿಗೆ ಸೇರಿದ ದಿನ ಅಂಗಡಿಗೆ ಬಂದವರಿಗೆಲ್ಲ ನನ್ನ ಕೈಲಿ ಪುಕ್ಕಟೆ ಗಡ್ಡ ಮಾಡಿಸಿದ ಮನುಷ್ಯ ಅದು. ಸ್ವಂತ ವ್ಯಾಪಾರ ಅಂತ ನೀನು ಹೇಳ್ತಿದ್ದದ್ದು ನಮಗೆ ಆಗಲೇ ಗೊತ್ತಿತ್ತು. ವ್ಯಾಪಾರ ತಾನೇ, ಸುಳ್ಳೇನಲ್ಲ ಬಿಡು ಅಂತ ಇಬ್ಬರೂ ನಕ್ಕಿದ್ದೆವು. ಅವರು ಸ್ವಲ್ಪ ಕಡಿಮೆ ನಕ್ಕಿದ್ದರು.

ನನಗೆ ಸಿಟ್ಟು ಬಂದಿರೋದು ಯಾವುದಕ್ಕೆ ಅಂತ ನಿನಗೆ ಗೊತ್ತಿಲ್ಲ. ಬರೀತೀನಿ ಕೇಳು. ಎಂಟನೇ ಕ್ಲಾಸಿನಿಂದ ನೀನು ನನ್ನ ಕೈಯಲ್ಲಿ ತಲೆ ಬಾಚಿಸ್ಕೊಂಡಿಲ್ಲ. ಅಂಗಡಿ ವಾಸನೆ ಬರುತ್ತೆ ಅಂತಿದ್ದೆ. ಆ ದಿನ ಬಚ್ಚಲಲ್ಲಿ, ಇಷ್ಟು ಓದಿದ ಮಗಳು, ಹೊಟ್ಟೆ ಹೊತ್ಕೊಂಡು, ಅಮ್ಮಾ ನೀನೇ ಮಾಡಿಕೊಡು, ಬೇರೆ ಯಾರ ಕೈಯೂ ಬೇಡ ಅಂದಳು. ನನ್ನ ಹೆಗಲು ಹಿಡ್ಕೊಂಡು ಕೂತಳು. ನಡುವೆ ಮಗು ಒದ್ದದ್ದು ನನ್ನ ಕೈಗೆ ಗೊತ್ತಾಯ್ತು, ಇಬ್ಬರೂ ನಕ್ಕೆವು. ಬದುಕಿನಲ್ಲಿ ಕತ್ತಿ ಹಿಡಿದಿದ್ದಕ್ಕೆ ಸಾರ್ಥಕ ಆಯ್ತು ಅಂದ್ಕೊಂಡೆ ಕಣೇ. ಅಷ್ಟು ಮಾತು ತಿಂದು ಬಸ್ಸಿನಲ್ಲಿ ವಾಪಸ್ ಬರುವಾಗಲೂ, ಅದೊಂದು ನನ್ನ ಹತ್ತಿರ ಉಳಿದಿತ್ತು.

ನಿನ್ನ ಕಾಗದ ಬಂದು ಅದನ್ನೂ ತಗೊಂಡು ಹೋಯ್ತು.

ಔಷಧಿ ತಪ್ಪಿಸಬೇಡ.

ಅಮ್ಮ


ಮೇ ೩

ಅಮ್ಮಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ. ಆದದ್ದನ್ನಷ್ಟೇ ಬರೆಯುತ್ತೇನೆ.

ಭಾನುವಾರ ಬೆಳಿಗ್ಗೆ ಅತ್ತೆ ಪಾಪುವಿಗೆ ಬಟ್ಟೆ ಹಾಕುತ್ತಿದ್ದರು. ನಿನ್ನ ಅಳಿಯ ಮುರಿದ ಕುರ್ಚಿಗೆ ಮೊಳೆ ಹೊಡೆಯುತ್ತಿದ್ದರು. ನಾದಿನಿ ಕಾಲು ಚಾಚಿ ಕೂತಿದ್ದಳು. ನಾನು ಬಾಗಿಲಲ್ಲಿ ನಿಂತು ಹೇಳಿದೆ. ಚೆಂದವಾಗಿ ಹೇಳಲಾಗಲಿಲ್ಲ. ಮೊದಲು ಅತ್ತೆ, ನಾನು ನಿನ್ನ ಪರವಾಗಿ ತಪ್ಪು ಮೈಮೇಲೆ ಹಾಕಿಕೊಳ್ಳುತ್ತಿದ್ದೇನೆ ಎಂದುಕೊಂಡರು. "ತಾಯಿ ಮೇಲೆ ಪ್ರೀತಿ ಇರ್ಬೇಕಮ್ಮ, ಆದ್ರೆ ಸುಳ್ಳು ಯಾಕೆ?" ಎಂದರು. ನಿಜ ಹೇಳಿದರೆ ಅದೇ ಸುಳ್ಳಾಗಿ ಕಾಣುವ ಹಾಗೆ ಮಾಡಿಟ್ಟಿದ್ದೆ. ಎರಡನೆಯ ಸಲ ಎಲ್ಲವನ್ನೂ ಹೇಳಿದೆ: ಕ್ಲಾಸಿನಲ್ಲಿ ಕೂತಿದ್ದು, ಬಚ್ಚಲು, ನಿನ್ನ ಪ್ರಶ್ನೆ, ನನ್ನ "ಹೂಂ". ಅತ್ತೆಯ ಕೈಯಲ್ಲಿ ಪಾಪುವಿನ ಅಂಗಿ ಅರ್ಧದಲ್ಲೇ ನಿಂತಿತು.

"ಹಾಗಾದ್ರೆ ಆ ಹೆಂಗಸಿಗೆ ನಾನು ಅಂದ ಮಾತು? ಅದನ್ನ ಈಗ ಎಲ್ಲಿ ಹೋಗಿ ಹೆಕ್ಕಲಿ ನಾನು?" ಎಂದರು. ಆಮೇಲೆ ನನ್ನ ಹತ್ತಿರ ಮಾತಾಡಿಲ್ಲ. ಪಾಪುವನ್ನು ಕೊಡುತ್ತಾರೆ, ತೆಗೆದುಕೊಳ್ಳುತ್ತಾರೆ, ಅಷ್ಟೇ. ನಿನ್ನ ಅಳಿಯ ಸುತ್ತಿಗೆ ಕೆಳಗಿಟ್ಟು ಹೊರಗೆ ಹೋದರು. ತಿರುಗಿ ಬಂದಾಗ, "ನಾನು ಅವರ ಫೋನ್ ಎತ್ತದೇ ಇದ್ದಾಗಲೂ ನೀನು ನೋಡ್ತಾನೇ ಇದ್ದೆ, ಅಲ್ವಾ?" ಎಂದು ಕೇಳಿದರು. ಹೌದೆಂದೆ.

ಗುರುವಾರ ನಾದಿನಿಯ ಜೊತೆ ಆಸ್ಪತ್ರೆಗೆ ಹೋದೆ. ಸಿಸ್ಟರಿಗೆ ಹೇಳಿ, ಆ ಕತೆಯನ್ನು ತಿದ್ದಿ ಎಂದು ಕೇಳಿಕೊಂಡೆ. ಅವರು ನನ್ನನ್ನೊಮ್ಮೆ ನೋಡಿದರು. "ನಾನು ತಿದ್ದಿದ್ರೆ ಇನ್ನೊಂದು ಕತೆ ಆಗುತ್ತೆ. ನೀವೇ ಹೇಳಿ" ಎಂದರು.

ಪ್ಲಾಸ್ಟಿಕ್ ಕುರ್ಚಿಗಳ ಸಾಲು, ಕಿಟಕಿಗೆ ಹಸಿರು ಪರದೆ, ದೊಡ್ಡ ದೊಡ್ಡ ಹೊಟ್ಟೆಗಳು. ಬ್ಲೇಡಿನ ಮಾತನ್ನು ಅವರಾಗಲೇ ಹೇಳಿ ಮುಗಿಸಿದ್ದರು. ನಾನು ಎದ್ದು ನಿಂತು, ಆ ಕಟಿಂಗ್ ಶಾಪಿನ ಅಜ್ಜಿಯ ಮಗಳು ನಾನೇ ಎಂದೆ. ನನ್ನ ತಾಯಿ ಓದಿಲ್ಲದ್ದಕ್ಕೆ ಇದು ಆದದ್ದಲ್ಲ, ಓದಿದ ನಾನು ಸುಳ್ಳು ಹೇಳಿದ್ದಕ್ಕೆ ಆಯಿತು ಎಂದೆ. ಯಾಕೆ ಹೇಳಿದೆ ಎಂಬುದನ್ನೂ ಹೇಳಿದೆ. ನನ್ನ ಮೈಯನ್ನು ಬೇರೆಯವರು ನೋಡುವುದಕ್ಕೆ ನನಗೆ ನಾಚಿಕೆಯಾಗಿತ್ತು ಎಂದು ಅಷ್ಟು ಜನರ ಮುಂದೆ ಹೇಳುವಾಗ ಕಿವಿಯಿಂದ ಹೊಗೆ ಬಂದಂತಾಯಿತು. ಗಾಯ ತೆರೆದಿಟ್ಟು ಮಲಗಿದ ಮೇಲೆ, ಬಂದುಹೋದವರೆಲ್ಲ ಹೊದಿಕೆ ಎತ್ತಿ ನೋಡಿದರು, ಆಗ ನಾಚಿಕೆಗೆ ಜಾಗವೇ ಇರಲಿಲ್ಲ ಎಂದೆ. ಯಾರೂ ಅಯ್ಯೋ ಎನ್ನಲಿಲ್ಲ. ಒಬ್ಬಾಕೆ ನೆಲ ನೋಡುತ್ತಿದ್ದಳು.

ಕ್ಲಾಸು ಮುಗಿದ ಮೇಲೆ ಆಕೆ ಹಿಂದೆ ಉಳಿದಳು. ಮಾರನೆಯ ದಿನವೇ ಅವಳ ಆಪರೇಷನ್. "ಸಿಸ್ಟರ್, ನಾನು ಬೆಳಿಗ್ಗೆ ಮಾಡ್ಕೊಂಡುಬಿಟ್ಟೆ. ಒಂದ್ಕಡೆ ಕುಯ್ದೂ ಹೋಗಿದೆ" ಎಂದಳು. ಸಿಸ್ಟರ್ ಬೈಯುತ್ತಾರೆ ಎಂದು ನಾನೂ ಕಾದೆ. ಅವರು ಅವಳ ಕೈ ಹಿಡಿದು, "ಈಗ ಹೇಳಿದ್ರಲ್ಲ, ಒಳ್ಳೇದಾಯ್ತು. ಬನ್ನಿ, ಡಾಕ್ಟರಿಗೆ ತೋರಿಸೋಣ" ಎಂದರು. ಅವಸರವೇನೂ ಇಲ್ಲದ್ದರಿಂದ, ಗೀರು ಮಾಯುವವರೆಗೆ ಆಪರೇಷನ್ ಮುಂದಕ್ಕೆ ಹಾಕಿದರಂತೆ.

ಅಷ್ಟೇ ಅಮ್ಮ. ಅಷ್ಟೇ ಇದ್ದದ್ದು. ನನ್ನ ಆಪರೇಷನ್ನಿನ ಬೆಳಿಗ್ಗೆ ನಾನು ಬಾಯಿ ಬಿಟ್ಟಿದ್ದರೆ ನನ್ನ ಕೈಯನ್ನೂ ಹಾಗೆಯೇ ಹಿಡಿಯುತ್ತಿದ್ದರು. ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಅಳು ಬಂದದ್ದು ಅದಕ್ಕೆ.

ಬಚ್ಚಲಿನ ವಿಷಯ. ನಾನು ಹೇಳಿದ ಕಾರಣ ಸುಳ್ಳು. ಬೇರೆ ಯಾರ ಕೈಯೂ ಬೇಡ ಎಂದದ್ದು ಸುಳ್ಳಲ್ಲ. ನಂಬು ಎಂದು ಕೇಳುವ ಯೋಗ್ಯತೆ ನನಗಿಲ್ಲ, ಬರೆದಿದ್ದೇನೆ ಅಷ್ಟೇ.

ಬಾ ಎಂದು ಕರೆಯಲು ಬಾಯಿಲ್ಲ. ಕ್ಷಮಿಸು ಎಂದು ಇನ್ನು ಕೇಳುವುದಿಲ್ಲ.

ಕುಳ್ಳಿ


ಮೇ ೧೨

ಕುಳ್ಳೀ,

ನಿಮ್ಮತ್ತೆ ಫೋನ್ ಮಾಡಿದ್ದರು. ಸ್ವಲ್ಪ ಹೊತ್ತು ಬಿಸಿಲಿನ ವಿಷಯ ಮಾತಾಡಿದ್ರು. ಇಲ್ಲೂ ಬಿಸಿಲೇ ಅಂದೆ. ಆಮೇಲೆ "ಆ ದಿನ ನನ್ನ ಬಾಯಿ…" ಅಂದ್ರು. "ಆಯ್ತು ಬಿಡಿ" ಅಂದೆ. ಆಗಿಲ್ಲ, ಆದರೂ ಅಂದೆ. ನಿನ್ನ ಗಂಡನೂ ಮಾತಾಡಿದ. ಊಟ ಆಯ್ತಾ ಅಂತ ಎರಡು ಸಲ ಕೇಳಿ ಫೋನ್ ಇಟ್ಟ.

ನಿಮ್ಮಪ್ಪನಿಗೆ ಎಲ್ಲ ಹೇಳಿದೆ. ಕುಸೀಲಿಲ್ಲ. ಪೇಪರ್ ಮಡಿಸಿಟ್ಟು, "ಆ ಕೋಣೇಲಿ ಎದ್ದು ನಿಂತು ಹೇಳಿದಳಾ?" ಅಂದ್ರು. "ಹೂಂ, ಕಟಿಂಗ್ ಶಾಪಿನ ಮಗಳು ಅಂತಲೇ ಹೇಳಿದಳು" ಅಂದೆ. ಎದ್ದು ಹೋಗಿ ಮುಖ ತೊಳ್ಕೊಂಡು ಬಂದ್ರು. ಕುರ್ಚಿಯಲ್ಲಿ ಕೂತು, ಗಡ್ಡ ಮಾಡು ಅಂದ್ರು. ಮೊದಲು ಬೇಡ ಅಂದೆ. ಆಮೇಲೆ ಪೆಟ್ಟಿಗೆ ತೆಗೆದೆ. ಅವರು ಭಯಕ್ಕೆ ಕಣ್ಣು ಮುಚ್ಚಿಕೊಂಡಿದ್ದರು, ಬಾಯಲ್ಲಿ ಮಾತ್ರ ಧೈರ್ಯ ಹೇಳ್ತಿದ್ದರು. ನಯವಾಗಿ ಬಂತು.

ಅಂಗಡಿಗೆ ರಜೆ ಇರೋ ದಿನ ಬೆಳಗಿನ ಬಸ್ಸಿಗೆ ಬರ್ತೀನಿ. ಎರಡು ದಿನ ಇರ್ತೀನಿ. ಮಗುವನ್ನ ಎತ್ಕೋಬೇಕು. ನಿನ್ನ ಗಾಯವನ್ನ ನಾನೇ ಕಣ್ಣಾರೆ ನೋಡಬೇಕು. ನಾಚಿಕೆ ಗೀಚಿಕೆ ಅಂದರೆ ಕೆನ್ನೆಗೆ ಬಿಡ್ತೀನಿ.

ಸಿಟ್ಟು ಹೋಗಿದೆ ಅಂತ ಅಂದ್ಕೋಬೇಡ. ಹೋಗಿಲ್ಲ. ಪಕ್ಕದ ಸೀಟಿನಲ್ಲಿ ಅದನ್ನೂ ಕೂರಿಸ್ಕೊಂಡೇ ಬರ್ತೀನಿ. ಇಬ್ಬರಿಗೂ ಹಾಸಿಗೆ ಹಾಸಿಡು.

ಅಮ್ಮ